ಅಕ್ಕಿಗೆ ಸತೀವ, ಬೆಳ್ಳುಳ್ಳಿಗೆ ಸತೀವುಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಬಿತ್ತನೆ ಬೀಜದ ಅಂಗಡಿ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಪುಸ್ತಕದಲ್ಲಿ ಭತ್ತಕ್ಕೆ ‘ಒರೈಜಾ ಸಟೈವಾ’ ಎಂದಿದೆ, ಸೌತೆಗೆ ‘ಕುಕುಮಿಸ್ ಸಟೈವಸ್’, ಬೆಳ್ಳುಳ್ಳಿಗೆ ‘ಅಲಿಯಮ್ ಸಟೈವಮ್’. ಇವು ಮೂರು ಬೇರೆ ಪದಗಳೇ ಅಥವಾ ಒಂದೇ ಪದವೇ? ಅರ್ಥವೇನು? ಮಗಳನ್ನು ಕೇಳಿದರೆ ‘ಪುಸ್ತಕದಲ್ಲಿ ಹಾಗೆಯೇ ಇದೆ ಅಪ್ಪಾ’ ಎನ್ನುತ್ತಾಳೆ.

ಉತ್ತರ: ಒಂದೇ ಪದ. ಅದು ಲ್ಯಾಟಿನ್ ಭಾಷೆಯ ಒಂದು ಗುಣವಾಚಕ. ತಾನು ಯಾವ ನಾಮಪದವನ್ನು ವಿಶೇಷಿಸುತ್ತದೆಯೋ ಅದರ ಲಿಂಗವನ್ನು ನೋಡಿಕೊಂಡು ಮೂರು ರೂಪ ತಾಳುತ್ತದೆ: ಪುಲ್ಲಿಂಗದಲ್ಲಿ ಸತೀವುಸ್, ಸ್ತ್ರೀಲಿಂಗದಲ್ಲಿ ಸತೀವ, ನಪುಂಸಕದಲ್ಲಿ ಸತೀವುಮ್. ಅರ್ಥ, ‘ಬಿತ್ತಿ ಬೆಳೆಯುವಂಥದ್ದು’. ಬಿತ್ತನೆ ಬೀಜ ಮಾರುವ ಅಂಗಡಿಯಿಂದಲೇ ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದಷ್ಟು ಕಾಲವೂ ನಾನು ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಹೆಸರನ್ನು ಬಾಯಿಪಾಠ ಮಾಡಿಸುತ್ತೇವೆ, ಹೆಸರಿನ ಒಳಗೆ ಏನಿದೆ ಎಂದು ಹೇಳುವುದಿಲ್ಲ. ನಿಮ್ಮ ಮಗಳ ತಪ್ಪೇನೂ ಇಲ್ಲ.

ಲ್ಯಾಟಿನ್‌ನಲ್ಲಿ ‘ಸೆರೋ’ ಎಂದರೆ ‘ಬಿತ್ತುತ್ತೇನೆ’. ಅದರ ಭೂತ ಕೃದಂತ ‘ಸತುಸ್’, ಅಂದರೆ ‘ಬಿತ್ತಿದ’. ಇದರ ಕೊನೆಯ ‘ತುಸ್’ ಸಂಸ್ಕೃತ ಬಲ್ಲವರಿಗೆ ಹೊಸದಲ್ಲ. ಕೃತ, ಗತ, ದತ್ತ ಎಂಬಲ್ಲಿ ಬರುವ ‘ತ’ ಪ್ರತ್ಯಯವೇ ಅದು. ಸಂಸ್ಕೃತದ ‘ದತ್ತ’ಕ್ಕೆ ಲ್ಯಾಟಿನ್‌ನಲ್ಲಿ ‘ದತುಸ್’ ಇದೆ. ಎರಡಕ್ಕೂ ‘ಕೊಟ್ಟ’ ಎಂದೇ ಅರ್ಥ. ‘ಸೆರೋ’ದಲ್ಲಿ ರಕಾರ ಇದೆ, ‘ಸತುಸ್’ನಲ್ಲಿ ಇಲ್ಲ, ಇವೆರಡೂ ಒಂದೇ ಧಾತುವಿನವು ಹೇಗೆ ಎಂದು ಕೇಳಬಹುದು. ಅದಕ್ಕೂ ಸಂಸ್ಕೃತವೇ ದಾರಿ ತೋರುತ್ತದೆ. ‘ದಾ’ ಧಾತು ವರ್ತಮಾನದಲ್ಲಿ ದ್ವಿರುಕ್ತವಾಗಿ ‘ದದಾತಿ’ ಆಗುವಂತೆ, ಬಿತ್ತುವ ಧಾತುವಿನ ಸಕಾರವೂ ಲ್ಯಾಟಿನ್ನಿನ ಪೂರ್ವರೂಪದಲ್ಲಿ ಇಮ್ಮಡಿಯಾಗಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಸಕಾರವನ್ನು ಲ್ಯಾಟಿನ್ ಕಾಲಕ್ರಮದಲ್ಲಿ ರಕಾರವಾಗಿಸಿತು. ಹೀಗೆ ‘ಸೆರೋ’ ಹುಟ್ಟಿತು. ‘ಸತುಸ್’ನಲ್ಲಿ ದ್ವಿರುಕ್ತಿ ಇಲ್ಲ, ಆದ್ದರಿಂದ ಸಕಾರ ಹಾಗೆಯೇ ಉಳಿಯಿತು.

ಈ ‘ಸತುಸ್’ಗೆ ‘ಈವುಸ್’ ಎಂಬ ಇನ್ನೊಂದು ಪ್ರತ್ಯಯ ಸೇರಿದರೆ ‘ಸತೀವುಸ್’. ಕೃದಂತಕ್ಕೆ ಹತ್ತುವ ಈ ಪ್ರತ್ಯಯ ‘ಆ ಬಗೆಯ, ಆ ಸ್ವಭಾವದ’ ಎಂಬ ಅರ್ಥ ಕೊಡುತ್ತದೆ. ‘ಕಪ್ತುಸ್’ ಎಂದರೆ ಹಿಡಿದ, ‘ಕಪ್ತೀವುಸ್’ ಎಂದರೆ ಸೆರೆಸಿಕ್ಕ. ‘ನಾತುಸ್’ ಎಂದರೆ ಹುಟ್ಟಿದ, ‘ನಾತೀವುಸ್’ ಎಂದರೆ ಹುಟ್ಟಿನಿಂದ ಬಂದ. ಇಂಗ್ಲಿಷಿನ ಕ್ಯಾಪ್ಟಿವ್, ನೇಟಿವ್ ಇಲ್ಲಿಂದ ಹೋದವು. ಗುಣವಾಚಕಕ್ಕೆ ಶಾಲೆಯಲ್ಲಿ ಹೇಳಿಕೊಡುವ ಆಡ್ಜೆಕ್ಟಿವ್ ಎಂಬ ಹೆಸರಿನ ಕೊನೆಯಲ್ಲಿರುವುದೂ ಇದೇ ಪ್ರತ್ಯಯ.

ಬಿತ್ತುವ ಈ ಧಾತುವಿನ ಸಂತಾನ ದೊಡ್ಡದು. ಲ್ಯಾಟಿನ್‌ನಲ್ಲಿ ಬೀಜಕ್ಕೆ ‘ಸೇಮೆನ್’. ಸಸಿ ಮಡಿಗೆ ‘ಸೇಮಿನಾರಿಯುಮ್’. ಇಂದು ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸೆಮಿನಾರ್ ಆ ಸಸಿ ಮಡಿಯಿಂದ ಎದ್ದ ಮಾತು. ಬಿತ್ತನೆಗೆ ‘ಸತಿಯೋ’ ಎನ್ನುತ್ತಿದ್ದರು. ಅದು ಬಿತ್ತನೆಯ ಕಾಲವಾಗಿ, ಫ್ರೆಂಚಿನಲ್ಲಿ ‘ಸೇಸೊಂ’ ಆಗಿ, ಇಂಗ್ಲಿಷಿನಲ್ಲಿ ‘ಸೀಸನ್’ ಆಯಿತು. ನಿಮ್ಮ ಅಂಗಡಿಯಲ್ಲಿ ‘ಈಗ ಸೀಸನ್, ಕೈ ಬಿಡುವಿಲ್ಲ’ ಎಂದು ನೀವು ಹೇಳುವಾಗ ಅದರ ಹಳೆಯ ಅರ್ಥವನ್ನೇ ಹೇಳುತ್ತಿರುತ್ತೀರಿ.

ರೋಮನ್ನರಿಗೆ ಈ ಗುಣವಾಚಕ ಬೇಕಾದದ್ದು ಒಂದು ಭೇದವನ್ನು ಹೇಳಲು. ಕಾಡಿನಲ್ಲಿ ತಾನಾಗಿ ಬೆಳೆದದ್ದು ‘ಸಿಲ್ವೆಸ್ತ್ರಿಸ್’, ಮನುಷ್ಯ ಬಿತ್ತಿ ಬೆಳೆದದ್ದು ‘ಸತೀವುಸ್’. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ತನ್ನ 37 ಸಂಪುಟಗಳ ಪ್ರಕೃತಿ ಗ್ರಂಥದಲ್ಲಿ ಗಿಡಮೂಲಿಕೆಗಳ ವಿಷಯ ಬಂದಾಗ ಈ ಜೋಡಿಯನ್ನು ಮತ್ತೆ ಮತ್ತೆ ಬಳಸುತ್ತಾನೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರುಮ್’ ಪ್ರಕಟಿಸಿ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರು ಕೊಟ್ಟಾಗ ಈ ಹಳೆಯ ಗುಣವಾಚಕ ಕೈಗೆ ಸಿಕ್ಕಿತು. ಭತ್ತ, ಬೆಳ್ಳುಳ್ಳಿ, ಬಟಾಣಿ, ಕೊತ್ತಂಬರಿ, ಸೌತೆ, ಮೂಲಂಗಿ, ಕೇಸರಿ ಎಲ್ಲಕ್ಕೂ ಅವನು ಅದನ್ನೇ ಕೊಟ್ಟ. ಮೊದಲ ಪದ ಬೇರೆಯಾಗಿದ್ದರೆ ಸಾಕು, ಎರಡನೆಯ ಪದ ಎಷ್ಟು ಗಿಡಗಳಿಗೆ ಬಂದರೂ ಗೊಂದಲವಿಲ್ಲ.

ಭತ್ತಕ್ಕಂತೂ ಇದಕ್ಕಿಂತ ಸರಿಯಾದ ಪದ ಸಿಗಲಾರದು. ಭತ್ತದ ಪೂರ್ವಜ ‘ಒರೈಜ ರುಫಿಪೋಗಾನ್’ ಎಂಬ ಕಾಡುಭತ್ತ. ‘ರುಫಿಪೋಗಾನ್’ ಎಂದರೆ ಕೆಂಪು ಗಡ್ಡದ್ದು, ಅದರ ಕಾಳಿನ ತುದಿಯ ಉದ್ದ ಮೀಸೆಯನ್ನು ನೋಡಿ ಇಟ್ಟ ಹೆಸರು. ಆ ಕಾಡುಭತ್ತ ಹಣ್ಣಾದೊಡನೆ ಕಾಳನ್ನು ಉದುರಿಸಿಬಿಡುತ್ತದೆ. ಅದಕ್ಕೆ ಬಿತ್ತುವವರು ಬೇಡ. ನಮ್ಮ ಭತ್ತ ತೆನೆಯಲ್ಲೇ ಕಾಳು ಹಿಡಿದುಕೊಂಡು ನಿಲ್ಲುತ್ತದೆ. ಸಾವಿರಾರು ವರ್ಷಗಳಿಂದ ರೈತರು ಉದುರದ ತೆನೆಯನ್ನೇ ಕೊಯ್ದು, ಅದರ ಕಾಳನ್ನೇ ಮತ್ತೆ ಬಿತ್ತಿ ಬಂದದ್ದರ ಫಲ ಇದು. ಯಾರಾದರೂ ಬಿತ್ತಿದರೆ ಮಾತ್ರ ಅದಕ್ಕೆ ಮುಂದಿನ ವರ್ಷ. 1953ರಲ್ಲಿ ತುಂಗಭದ್ರಾ ಜಲಾಶಯ ಬಂದು ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರುಗಳು ಭತ್ತದ ಸೀಮೆಯಾದವು. ನೀರು ಇಷ್ಟು ದೂರ ಬಂದರೂ ಆ ಗಿಡ ತಾನಾಗಿ ಬರಲಿಲ್ಲ. ನೀವು, ನಿಮ್ಮ ಗಿರಾಕಿಗಳು ತಂದು ಬಿತ್ತಬೇಕಾಯಿತು.

ಪ್ರಶ್ನೆ: ‘ಬಿತ್ತಿದ್ದು’ ಎಂಬ ಅರ್ಥ ಒಪ್ಪಿದೆ. ಆದರೆ ಸಿರುಗುಪ್ಪದ ನಮ್ಮ ಗದ್ದೆಯಲ್ಲಿ ಭತ್ತವನ್ನು ಸಸಿ ಕಿತ್ತು ನಾಟಿ ಮಾಡುತ್ತೇವೆ. ಬೆಳ್ಳುಳ್ಳಿಯ ಎಸಳನ್ನು ಊರುತ್ತೇವೆ. ಹೊಲದಲ್ಲಿ ನಿಜವಾಗಿ ಕೂರಿಗೆಯಿಂದ ಬಿತ್ತುವುದು ಜೋಳವನ್ನು. ಅದಕ್ಕೆ ಈ ಹೆಸರೇ ಇಲ್ಲವಲ್ಲ?

ಉತ್ತರ: ಕೆಲಸ ಮಾಡಿ ಬಲ್ಲವರ ಪ್ರಶ್ನೆ ಇದು. ಭತ್ತವೇನೋ ಸರಿ, ನಾಟಿಗೆ ಮುನ್ನ ಸಸಿ ಮಡಿಯಲ್ಲಿ ಬೀಜ ಚೆಲ್ಲಿಯೇ ಇರುತ್ತೀರಿ. ಬೆಳ್ಳುಳ್ಳಿ ಮತ್ತು ಕೇಸರಿಗಳಲ್ಲಿ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿ ‘ಕ್ರೋಕುಸ್ ಸತೀವುಸ್’. ಆ ಗಿಡ ಬೀಜವನ್ನೇ ಕಟ್ಟುವುದಿಲ್ಲ. ಸಾಮಾನ್ಯವಾಗಿ ಗಿಡದ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಟ್ಟು ಇರುತ್ತವೆ, ಕೇಸರಿಯಲ್ಲಿ ಮೂರು ಕಟ್ಟು ಇವೆ. ಬೀಜ ಕಟ್ಟುವ ಮೊದಲು ಅವು ಸಮವಾಗಿ ಪಾಲಾಗಲಾರವು, ಗಿಡ ಬಂಜೆಯಾಗುತ್ತದೆ. ಅದರ ಗಡ್ಡೆಯನ್ನು ಬಿಡಿಸಿ ಊರುತ್ತಲೇ ಮನುಷ್ಯ ಅದನ್ನು ಉಳಿಸಿಕೊಂಡು ಬಂದಿದ್ದಾನೆ. ‘ಬಿತ್ತಿದ್ದು’ ಎಂಬ ಹೆಸರು ಹೊತ್ತ ಗಿಡವನ್ನು ಬಿತ್ತಲಿಕ್ಕೇ ಬಾರದು.

ಹಾಗಾದರೆ ಹೆಸರು ಸುಳ್ಳೇ? ಅಲ್ಲ. ರೋಮನ್ನರ ಕಾಲಕ್ಕೇ ‘ಸತೀವುಸ್’ ಹಿಗ್ಗಿತ್ತು. ಬೀಜ ಚೆಲ್ಲಿದರೂ ಸರಿ, ಗಡ್ಡೆ ಊರಿದರೂ ಸರಿ, ಮನುಷ್ಯನ ಕೈಯಿಂದ ಮಣ್ಣಿಗೆ ಹೋದದ್ದೆಲ್ಲ ‘ಸತೀವುಸ್’. ಕಾಡಿನದಲ್ಲ ಎಂಬುದೇ ಅದರ ಮುಖ್ಯ ಅರ್ಥವಾಗಿ ಉಳಿಯಿತು.

ಜೋಳದ ವಿಷಯದಲ್ಲಿ ನಿಮ್ಮ ನೋವು ನನ್ನದೂ ಹೌದು. ಮಸ್ಕಿಯ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವಾಗ ನಮ್ಮ ತಾಯಿ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆ ಬಟ್ಟಲಿಗೆ ಕಾಳು ಬಿಡುತ್ತ ಎತ್ತಿನ ಹಿಂದೆ ನಡೆಯುತ್ತಿದ್ದರು. ಬೆರಳ ಸಂದಿಯಿಂದ ಕಾಳು ಬೀಳುವ ಲೆಕ್ಕ ತಪ್ಪಿದರೆ ಸಾಲಿನಲ್ಲಿ ಕಡೆತನಕ ಗೊತ್ತಾಗುತ್ತಿತ್ತು. ಬಿತ್ತುವುದು ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಅದೇ. ಆದರೆ ಸಸ್ಯದ ಹೆಸರು ಯೋಗ್ಯತೆ ನೋಡಿ ಕೊಡುವ ಬಿರುದಲ್ಲ. ಲಿನೇಯಸ್ ಜೋಳವನ್ನು ‘ಹೋಲ್ಕುಸ್’ ಎಂಬ ಕುಲದಲ್ಲಿ ಸೇರಿಸಿ ‘ಬಿಕೊಲೊರ್’ ಎಂದ, ‘ಎರಡು ಬಣ್ಣದ್ದು’ ಎಂದು. ಜರ್ಮನಿಯ ಮೋಂಕ್ 1794ರಲ್ಲಿ ಅದನ್ನು ‘ಸೋರ್ಘುಮ್’ ಕುಲಕ್ಕೆ ತಂದ. ಮೊದಲು ಸರಿಯಾಗಿ ಪ್ರಕಟವಾದ ಹೆಸರೇ ಊರ್ಜಿತ ಎಂಬುದು ಸಸ್ಯನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಿಯಮ. ಇನ್ನು ಅದನ್ನು ಬದಲಿಸಲು ಬರುವುದಿಲ್ಲ.

ಪ್ರಶ್ನೆ: ನಾನು ಸಿಂಧನೂರಿನವಳು, ಕೃಷಿ ಪದವಿಯ ವಿದ್ಯಾರ್ಥಿನಿ. ಒಣಗಿಸಿದ ಗಿಡ ಅಂಟಿಸುವ ಹರ್ಬೇರಿಯಂ ಹಾಳೆಯ ಮೇಲೆ ‘ಅಲಿಯಮ್ ಸಟೈವಾ’ ಎಂದು ಬರೆದದ್ದಕ್ಕೆ ಅಂಕ ಕಳೆದರು. ವಸ್, ವಾ, ವಮ್ ಎಂಬ ಕೊನೆಗಳಲ್ಲಿ ಯಾವುದು ಎಲ್ಲಿ ಎಂದು ನೆನಪಿಡುವುದು ಹೇಗೆ? ಎಲ್ಲಕ್ಕೂ ಒಂದೇ ರೂಪ ಬರೆದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಅಂಕ ಕಳೆದವರ ಪಕ್ಷವೇ ನನ್ನದು, ಆದರೆ ಕಾರಣ ಹೇಳದೆ ಕಳೆದಿದ್ದರೆ ಅದು ಸರಿಯಲ್ಲ.

ಕನ್ನಡದಲ್ಲಿ ಗುಣವಾಚಕ ಬದಲಾಗುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಎತ್ತು. ಲಿಂಗ ಕಾಣಿಸುವುದು ಕ್ರಿಯಾಪದದಲ್ಲಿ: ಬಂದನು, ಬಂದಳು, ಬಂದಿತು. ಲ್ಯಾಟಿನ್ ಸಂಸ್ಕೃತದ ಹಾದಿಯದು. ಸಂಸ್ಕೃತ ಪಾಠಶಾಲೆಯ ಮಕ್ಕಳು ಹಾಡಿ ಕಲಿಯುವ ಒಂದು ಶ್ಲೋಕ ಇದೆ: ‘ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ, ತಲ್ಲಿಂಗಂ ತದ್ವಚನಂ ಸೈವ ವಿಭಕ್ತಿರ್ವಿಶೇಷಣಸ್ಯಾಪಿ’. ವಿಶೇಷ್ಯಕ್ಕೆ ಯಾವ ಲಿಂಗ, ಯಾವ ವಚನ, ಯಾವ ವಿಭಕ್ತಿಯೋ ವಿಶೇಷಣಕ್ಕೂ ಅದೇ. ಲ್ಯಾಟಿನ್ ವ್ಯಾಕರಣದ ಈ ಅಧ್ಯಾಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಸುಂದರಃ, ಸುಂದರೀ, ಸುಂದರಂ ಎಂದು ಹೇಳುವ ನಾಲಿಗೆಗೆ ಸತೀವುಸ್, ಸತೀವ, ಸತೀವುಮ್ ಕಷ್ಟವಾಗಬಾರದು.

ಸಸ್ಯದ ಹೆಸರಿನಲ್ಲಿ ಮೊದಲ ಪದವಾದ ಕುಲದ ಹೆಸರು ವಿಶೇಷ್ಯ. ಎರಡನೆಯದು ಗುಣವಾಚಕವಾಗಿದ್ದರೆ ಕುಲದ ಲಿಂಗವನ್ನು ಅನುಸರಿಸಲೇಬೇಕು. ಇದು ಶಿಷ್ಟಾಚಾರವಷ್ಟೇ ಅಲ್ಲ, ನಾಮಕರಣ ಸಂಹಿತೆಯ ಕಡ್ಡಾಯ ವಿಧಿ. ಹೆಸರಿಟ್ಟ ವಿಜ್ಞಾನಿಯೇ ತಪ್ಪು ಲಿಂಗ ಬರೆದಿದ್ದರೂ ನಂತರದವರು ತಿದ್ದುತ್ತಾರೆ, ಹೆಸರಿಟ್ಟ ಶ್ರೇಯಸ್ಸು ಮತ್ತು ವರ್ಷ ಮಾತ್ರ ಅವನದೇ ಆಗಿ ಉಳಿಯುತ್ತವೆ.

ನೆನಪಿಡಲು ನಾನು ಮಕ್ಕಳನ್ನು ರಾಯಚೂರಿನ ಉಸ್ಮಾನಿಯಾ ತರಕಾರಿ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದೆ. ಸೌತೆಯ ಗುಡ್ಡೆಯ ಮುಂದೆ ನಿಂತು ‘ಕುಕುಮಿಸ್ ಸತೀವುಸ್’, ಮೂಲಂಗಿಯ ಕಟ್ಟು ಹಿಡಿದು ‘ರಾಫಾನುಸ್ ಸತೀವುಸ್’: ಇವು ಪುಲ್ಲಿಂಗ. ಕೊತ್ತಂಬರಿ ‘ಕೊರಿಯಾಂಡ್ರುಮ್ ಸತೀವುಮ್’, ಬಟಾಣಿ ‘ಪೀಸುಮ್ ಸತೀವುಮ್’, ಬೆಳ್ಳುಳ್ಳಿ ‘ಅಲ್ಲಿಯುಮ್ ಸತೀವುಮ್’, ಬಾಣಂತಿಗೆ ಕೊಡುವ ಅಳವಿ ‘ಲೆಪಿಡಿಯುಮ್ ಸತೀವುಮ್’: ಇವು ನಪುಂಸಕ. ಕಿರಾಣಿ ಸಾಲಿಗೆ ಬಂದರೆ ಅಕ್ಕಿ ‘ಒರೈಜ ಸತೀವ’, ಕಪ್ಪು ಜೀರಿಗೆ ‘ನಿಗೆಲ್ಲ ಸತೀವ’, ಓಟ್ಸ್ ‘ಆವೇನ ಸತೀವ’: ಇವು ಸ್ತ್ರೀಲಿಂಗ. ವ್ಯಾಪಾರ ಮಾಡುವ ತಾಯಂದಿರು ಮೊದಮೊದಲು ನೋಡುತ್ತಿದ್ದರು, ಆಮೇಲೆ ‘ನಮ್ಮ ಈರುಳ್ಳಿಗೆ ಏನು ಹೆಸರು ಹೇಳಿ’ ಎಂದು ತಾವೇ ಕೇಳುತ್ತಿದ್ದರು. ‘ಅಲ್ಲಿಯುಮ್ ಸೇಪ’. ಅಲ್ಲಿ ‘ಸೇಪ’ ಗುಣವಾಚಕವಲ್ಲ, ಈರುಳ್ಳಿಗೆ ಲ್ಯಾಟಿನ್‌ನಲ್ಲಿದ್ದ ನಾಮಪದವೇ. ಆದ್ದರಿಂದ ಅದು ಯಾರ ಲಿಂಗವನ್ನೂ ಅನುಸರಿಸದೆ ತನ್ನಷ್ಟಕ್ಕೆ ನಿಂತಿದೆ.

ಪ್ರಾಸ ನೋಡಿ ಊಹಿಸಬೇಡಿ. ಅಲ್ಲಿಯುಮ್ ಸತೀವುಮ್ ಎಂಬಲ್ಲಿ ಎರಡೂ ಪದಗಳ ಕೊನೆ ಒಂದೇ ಆಗಿರುವುದು ಅನುಕೂಲವಷ್ಟೇ. ಸೌತೆಯ ‘ಕುಕುಮಿಸ್’ ಮತ್ತು ಗಾಂಜಾದ ‘ಕನ್ನಬಿಸ್’ ಎರಡೂ ‘ಇಸ್’ ಎಂದೇ ಮುಗಿಯುತ್ತವೆ. ಮೊದಲನೆಯದು ಪುಲ್ಲಿಂಗ, ಕುಕುಮಿಸ್ ಸತೀವುಸ್. ಎರಡನೆಯದು ಸ್ತ್ರೀಲಿಂಗ, ಕನ್ನಬಿಸ್ ಸತೀವ. ಕುಲದ ಲಿಂಗವನ್ನು ಕುಲದೊಡನೆಯೇ ಕಲಿಯಬೇಕು, ಬೇರೆ ಉಪಾಯವಿಲ್ಲ.

ವಿಭಕ್ತಿಯ ಮಾತನ್ನೂ ಹೇಳಿಬಿಡುತ್ತೇನೆ. ಸಸ್ಯದ ಹೆಸರು ಯಾವಾಗಲೂ ಪ್ರಥಮಾ ವಿಭಕ್ತಿಯಲ್ಲಿ ಇರುತ್ತದೆ, ಹಾಗಾಗಿ ನಿಮಗೆ ಮೂರು ರೂಪ ಸಾಕು. ಪೂರ್ಣ ಲ್ಯಾಟಿನ್‌ನಲ್ಲಿ ಈ ಪದ ಎರಡು ವಚನಗಳಲ್ಲಿ, ಆರು ವಿಭಕ್ತಿಗಳಲ್ಲಿ ನಡೆಯುತ್ತದೆ. ಬೆಳ್ಳುಳ್ಳಿ ‘ಅಲ್ಲಿಯುಮ್ ಸತೀವುಮ್’, ಬೆಳ್ಳುಳ್ಳಿಯ ‘ಅಲ್ಲಿಯೀ ಸತೀವೀ’, ಬೆಳ್ಳುಳ್ಳಿಗೆ ‘ಅಲ್ಲಿಯೋ ಸತೀವೋ’. ಔಷಧ ಗ್ರಂಥಗಳಲ್ಲಿ ‘ಬುಲ್ಬುಸ್ ಅಲ್ಲಿಯೀ ಸತೀವೀ’ ಎಂದು ಕಂಡರೆ ಅದು ಬೇರೆ ಗಿಡವಲ್ಲ, ‘ಬೆಳ್ಳುಳ್ಳಿಯ ಗಡ್ಡೆ’ ಎಂಬ ಷಷ್ಠಿ.

ಎಲ್ಲ ಗುಣವಾಚಕಗಳಿಗೂ ಮೂರು ರೂಪ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಕೆಲವಕ್ಕೆ ಎರಡೇ. ರೋಸ್ಮರಿಯ ಹಳೆಯ ಹೆಸರು ‘ರೋಸ್ಮರಿನುಸ್ ಆಫಿಸಿನಾಲಿಸ್’, ನಪುಂಸಕವಾದ ಶುಂಠಿ ‘ಜಿಂಜಿಬೆರ್ ಆಫಿಸಿನಾಲೆ’. ಹತ್ತಿಯ ಕುಲ ‘ಗಾಸಿಪಿಯುಮ್’ ನಪುಂಸಕ, ಅದಕ್ಕೇ ‘ಗಾಸಿಪಿಯುಮ್ ಬಾರ್ಬಡೆನ್ಸೆ’, ಮತ್ತು ರಾಯಚೂರು ಜಿಲ್ಲೆಯ ಹೊಲಗಳಲ್ಲಿ ತುಂಬಿರುವ ‘ಗಾಸಿಪಿಯುಮ್ ಹಿರ್ಸುಟುಮ್’. ಜೋಳದ ‘ಬಿಕೊಲೊರ್’ ಮೂರು ಲಿಂಗಕ್ಕೂ ಒಂದೇ. ಇನ್ನೊಂದು ಎಚ್ಚರಿಕೆ: ಸೂರ್ಯಕಾಂತಿ ‘ಹೆಲಿಯಾಂಥುಸ್ ಆನ್ನುವುಸ್’, ಮೆಣಸಿನಕಾಯಿ ‘ಕ್ಯಾಪ್ಸಿಕುಮ್ ಆನ್ನುವುಮ್’. ‘ವರ್ಷಕ್ಕೊಮ್ಮೆ ಬೆಳೆಯುವ’ ಎಂಬ ಒಂದೇ ಪದದ ಎರಡು ರೂಪ. ರೋಮನ್ ಲಿಪಿಯಲ್ಲಿ ಅದರ ಕೊನೆಯಲ್ಲಿ ಉಕಾರ ಎರಡು ಸಲ ಬರಬೇಕು. ಒಂದನ್ನು ನುಂಗಿದರೆ ‘ಆನ್ನುಮ್’ ಆಗುತ್ತದೆ, ಅದು ‘ವರ್ಷವನ್ನು’ ಎಂಬ ನಾಮಪದ. ಬೀಜದ ಪೊಟ್ಟಣಗಳ ಮೇಲೆ ಇಂದಿಗೂ ಆ ತಪ್ಪು ಅಚ್ಚಾಗುತ್ತಿರುವುದನ್ನು ನೋಡಿ ಸಂಕಟಪಡುತ್ತೇನೆ.

ಪ್ರಶ್ನೆ: ಸಟೈವಾ ಎನ್ನಬೇಕೇ, ಸತೀವ ಎನ್ನಬೇಕೇ? (ಮಾನ್ವಿ)

ಉತ್ತರ: ಲ್ಯಾಟಿನ್‌ನಲ್ಲಿ ತಕಾರ ನಮ್ಮ ತಕಾರದಂತೆ ದಂತ್ಯ, ಈಕಾರ ದೀರ್ಘ, ಒತ್ತು ಆ ಈಕಾರದ ಮೇಲೆ. ಆದ್ದರಿಂದ ‘ಸತೀವ’. ‘ಸಟೈವಾ’ ಇಂಗ್ಲಿಷರ ಓದು, ನಮ್ಮ ಕಾಲೇಜುಗಳಿಗೆ ಅವರ ಮೂಲಕ ಬಂತು. ಎರಡೂ ಎಲ್ಲರಿಗೂ ಅರ್ಥವಾಗುತ್ತವೆ, ಉಚ್ಚಾರಕ್ಕೆ ಸಂಹಿತೆಯ ಕಟ್ಟುಪಾಡಿಲ್ಲ. ಕನ್ನಡ ಲಿಪಿಯಲ್ಲಿ ಮೂಲದ ಉಚ್ಚಾರವನ್ನು ಯಾವ ಕಷ್ಟವೂ ಇಲ್ಲದೆ ಬರೆಯಬಹುದಾಗಿರುವಾಗ ಸುತ್ತುಬಳಸಿನ ದಾರಿ ಏಕೆ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಶಾಲೆಯಲ್ಲಿ ಶಿಕ್ಷಕ. ಹಳೆಯ ಪುಸ್ತಕದಲ್ಲಿ ಹೆಸರು ಕಾಳಿಗೆ ‘ಫೇಸಿಯೋಲಸ್ ರೇಡಿಯೇಟಸ್’ ಎಂದಿದೆ, ಹೊಸದರಲ್ಲಿ ‘ವಿಗ್ನಾ ರೇಡಿಯೇಟಾ’. ಹುರುಳಿ, ನವಣೆಗಳದೂ ಇದೇ ಕಥೆ. ಎರಡನೆಯ ಪದವನ್ನೂ ಏಕೆ ತಿದ್ದುತ್ತಾರೆ?

ಉತ್ತರ: ಎರಡನೆಯ ಪದವನ್ನು ಅವರು ಬದಲಿಸಿಲ್ಲ ಗುರುಗಳೇ, ಹೊಸ ವಿಶೇಷ್ಯಕ್ಕೆ ಹೊಂದಿಸಿದ್ದಾರೆ. ‘ರಾಡಿಯಾತುಸ್’ ಎಂದರೆ ಕಿರಣಗಳಂತೆ ಹರಡಿದ. ಲಿನೇಯಸ್ ಹೆಸರು ಕಾಳನ್ನು ‘ಫಾಸೆಯೋಲುಸ್’ ಎಂಬ ಪುಲ್ಲಿಂಗದ ಕುಲದಲ್ಲಿ ಇಟ್ಟಿದ್ದ, ಆದ್ದರಿಂದ ‘ರಾಡಿಯಾತುಸ್’. ಆ ಕುಲದ ನಿಜವಾದ ಸದಸ್ಯರೆಲ್ಲ ಅಮೆರಿಕ ಖಂಡಗಳವು, ಏಷ್ಯಾದ ನಮ್ಮ ಕಾಳುಗಳು ಬೇರೆ ಎಂದು ಹೂವಿನ ರಚನೆ, ಪರಾಗ ಮೊದಲಾದವನ್ನು ನೋಡಿ ತೀರ್ಮಾನವಾಯಿತು. 1954ರಲ್ಲಿ ಹೆಸರು ಕಾಳು ‘ವಿಗ್ನ’ ಕುಲಕ್ಕೆ ಹೋಯಿತು. ವಿಗ್ನ ಸ್ತ್ರೀಲಿಂಗ, ಹಾಗಾಗಿ ‘ರಾಡಿಯಾತ’. ಉದ್ದು ಕೂಡ ಅದೇ ಕುಲಕ್ಕೆ ಹೋಯಿತು, ಆದರೆ ‘ಫಾಸೆಯೋಲುಸ್ ಮುಂಗೋ’ ಇದ್ದದ್ದು ‘ವಿಗ್ನ ಮುಂಗೋ’ ಆಯಿತೇ ಹೊರತು ‘ಮುಂಗ’ ಆಗಲಿಲ್ಲ. ‘ಮುಂಗೋ’ ಉತ್ತರ ಭಾರತದ ‘ಮೂಂಗ್’ ಎಂಬ ನಾಮಪದದಿಂದ ಬಂದದ್ದು, ಅದಕ್ಕೆ ಲಿಂಗದ ಹಂಗಿಲ್ಲ. ಹೆಸರಿನ ಹೆಸರು ಉದ್ದಿಗೆ ಅಂಟಿಕೊಂಡಿರುವುದು ಬೇಸರದ ಸಂಗತಿ, ಆದರೆ ಮೊದಲು ಪ್ರಕಟವಾದದ್ದು ಊರ್ಜಿತ ಎಂಬ ನಿಯಮ ಇಲ್ಲಿಯೂ ನಿಂತಿದೆ.

ನವಣೆಯನ್ನು ಲಿನೇಯಸ್ ‘ಪಾನಿಕುಮ್ ಇಟಾಲಿಕುಮ್’ ಎಂದಿದ್ದ. 1812ರಲ್ಲಿ ಅದು ‘ಸೆಟಾರಿಯ’ ಕುಲಕ್ಕೆ ಬಂತು, ‘ಸೆಟಾರಿಯ ಇಟಾಲಿಕ’ ಆಯಿತು. ನಪುಂಸಕ ಹೋಗಿ ಸ್ತ್ರೀಲಿಂಗ ಬಂತು. ಅರ್ಥ ‘ಇಟಲಿಯ’ ಎಂದು. ನವಣೆ ಮೊದಲು ಬೆಳೆಯಾದದ್ದು ಉತ್ತರ ಚೀನಾದಲ್ಲಿ. ಹುರುಳಿಯದು ಮಕ್ಕಳಿಗೆ ಕಲಿಸಲು ಇನ್ನೂ ಚೆನ್ನಾದ ಉದಾಹರಣೆ. ‘ಡೋಲಿಕೋಸ್ ಯುನಿಫ್ಲೋರುಸ್’ ಇದ್ದದ್ದು ಈಗ ‘ಮ್ಯಾಕ್ರೋಟೈಲೋಮ ಯುನಿಫ್ಲೋರುಮ್’. ಕುಲದ ಹೆಸರು ‘ಅ’ ಎಂದು ಮುಗಿದಿದೆ, ಸ್ತ್ರೀಲಿಂಗವಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ. ಅದು ಗ್ರೀಕ್ ಮೂಲದ ಪದ, ಅಲ್ಲಿ ‘ಮ’ ಎಂದು ಮುಗಿಯುವ ಇಂಥ ನಾಮಪದಗಳು ನಪುಂಸಕ. ಒಂದು ಹಿಡಿ ಹೆಸರು, ಒಂದು ಹಿಡಿ ಉದ್ದು, ಒಂದು ಹಿಡಿ ಹುರುಳಿ ಮೇಜಿನ ಮೇಲೆ ಇಟ್ಟರೆ ಮೂರು ನಿಯಮ ಅಲ್ಲೇ ಮುಗಿಯುತ್ತವೆ.

ಪ್ರಶ್ನೆ: ಬಳ್ಳಾರಿಯ ನಮ್ಮ ತೋಟದಲ್ಲಿ ಅಂಜೂರ ಇದೆ, ಬದುವಿನ ಮೇಲೆ ಹುಣಸೆ ಇದೆ. ಅವು ‘ಫೈಕಸ್ ಕ್ಯಾರಿಕಾ’, ‘ಟ್ಯಾಮರಿಂಡಸ್ ಇಂಡಿಕಾ’. ‘ಅಸ್’ ಎಂದು ಮುಗಿದರೆ ಪುಲ್ಲಿಂಗವಲ್ಲವೇ?

ಉತ್ತರ: ಸಾಮಾನ್ಯವಾಗಿ ಹೌದು, ಮರಗಳಲ್ಲಿ ಮಾತ್ರ ಅಲ್ಲ. ಮರದ ಹೆಸರುಗಳು ರೋಮನ್ನರಿಗೆ ಹೆಚ್ಚಾಗಿ ಸ್ತ್ರೀಲಿಂಗ. ಅತ್ತಿಯ ಜಾತಿಯ ‘ಫೀಕುಸ್’, ಓಕ್ ಮರದ ‘ಕ್ವೆರ್ಕುಸ್’, ಪೈನ್ ಮರದ ‘ಪೀನುಸ್’ ಎಲ್ಲವೂ ‘ಉಸ್’ ಎಂದು ಮುಗಿದರೂ ಸ್ತ್ರೀಲಿಂಗವೇ. ಸಸ್ಯಶಾಸ್ತ್ರ ಆ ಸಂಪ್ರದಾಯವನ್ನು ಉಳಿಸಿಕೊಂಡಿದೆ. ಆದ್ದರಿಂದ ಅಂಜೂರ ‘ಫೀಕುಸ್ ಕಾರಿಕ’, ಅರಳಿ ‘ಫೀಕುಸ್ ರೆಲಿಜಿಯೋಸ’. ‘ಕಾರಿಕ’ ಎಂದರೆ ಕಾರಿಯ ನಾಡಿನದು, ಇಂದಿನ ಟರ್ಕಿಯ ನೈಋತ್ಯ ಭಾಗದ್ದು.

ಹುಣಸೆಯ ಹೆಸರಿನಲ್ಲಿ ನಮ್ಮ ದೇಶ ಎರಡು ಸಲ ಇದೆ. ಅರಬರು ಹುಣಸೆಯನ್ನು ‘ತಮ್ರ್ ಹಿಂದೀ’, ಹಿಂದೂಸ್ಥಾನದ ಖರ್ಜೂರ, ಎಂದರು. ಅದೇ ‘ತಮರಿಂದುಸ್’ ಆಯಿತು. ಅದಕ್ಕೆ ಲಿನೇಯಸ್ ಮತ್ತೆ ‘ಇಂದಿಕ’ ಎಂದು ಸೇರಿಸಿದ. ಸಂಸ್ಕೃತದ ಸಿಂಧು ಪರ್ಷಿಯನ್ನರ ಬಾಯಲ್ಲಿ ‘ಹಿಂದು’, ಗ್ರೀಕರಲ್ಲಿ ‘ಇಂದೋಸ್’, ಲ್ಯಾಟಿನ್‌ನಲ್ಲಿ ‘ಇಂದುಸ್’ ಆಗಿ, ಅದರ ಗುಣವಾಚಕ ‘ಇಂದಿಕುಸ್’. ಮಾವು, ಬೇವುಗಳಿಗೆ ‘ಇಂದಿಕ’, ಎಳ್ಳಿಗೆ ನಪುಂಸಕದಲ್ಲಿ ‘ಸೆಸಾಮುಮ್ ಇಂದಿಕುಮ್’. ಹುಣಸೆಯ ಮೂಲ ನೆಲ ಆಫ್ರಿಕ ಎಂಬುದನ್ನೂ ತಿಳಿದಿರಿ. ನಮ್ಮ ಬದುವಿನ ಮೇಲೆ ಅದು ಎಷ್ಟು ಹಿಂದಿನಿಂದ ಬೇರೂರಿದೆಯೆಂದರೆ ಪರದೇಶದವರು ಅದನ್ನು ನಮ್ಮದೆಂದೇ ಎಣಿಸಿದರು.

ಪ್ರಶ್ನೆ: ನಾನು ಸಂಸ್ಕೃತದ ನಿವೃತ್ತ ಅಧ್ಯಾಪಕ, ರಾಯಚೂರು. ‘ಸತೀವ’ಕ್ಕೂ ನಮ್ಮ ‘ಸತ್ತ್ವ’, ‘ಸಾತ್ತ್ವಿಕ’ಗಳಿಗೂ ನಂಟಿದೆಯೇ? ಅನ್ನ ಸಾತ್ತ್ವಿಕ ಆಹಾರ ಎಂಬುದರಿಂದ ಹೊಳೆಯಿತು.

ಉತ್ತರ: ಹೊಳಹು ಸೊಗಸಾಗಿದೆ, ಆದರೆ ನಂಟಿಲ್ಲ ಸ್ವಾಮಿ. ‘ಸತ್ತ್ವ’ ಬಂದದ್ದು ‘ಸತ್’ನಿಂದ, ಅದು ‘ಅಸ್’, ಇರು ಎಂಬ ಧಾತುವಿನದು. ಆ ಧಾತುವಿನ ಬಂಧುಗಳು ಲ್ಯಾಟಿನ್‌ನಲ್ಲೂ ಇದ್ದಾರೆ: ‘ಅಸ್ತಿ’ಗೆ ‘ಎಸ್ತ್’. ‘ಸತ್’ ಎಂಬ ಶತೃ ಪ್ರತ್ಯಯಾಂತಕ್ಕೆ ‘ಸೆನ್ಸ್’, ಅದು ‘ಪ್ರೇಸೆನ್ಸ್’, ‘ಅಬ್ಸೆನ್ಸ್’ ಎಂಬ ಪದಗಳ ಕೊನೆಯಲ್ಲಿ ಉಳಿದಿದೆ. ಶಾಲೆಯ ಹಾಜರಿಯಲ್ಲಿ ಕೂಗುವ ಪ್ರೆಸೆಂಟ್, ಆಬ್ಸೆಂಟ್‌ಗಳು ನಿಮ್ಮ ‘ಸತ್’ನ ದಾಯಾದಿಗಳು. ‘ಸತೀವ’ದ ‘ಸ’ ಬಿತ್ತುವ ಧಾತುವಿನದು, ಅದು ಬೇರೆಯೇ. ಲ್ಯಾಟಿನ್ನಿನೊಳಗೇ ‘ಸಾಕಷ್ಟು’ ಎಂಬ ಅರ್ಥದ ‘ಸತಿಸ್’ ಇದೆ, ಸ್ಯಾಟಿಸ್‌ಫ್ಯಾಕ್ಷನ್ ಅದರಿಂದ ಬಂದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಭತ್ತದ ಹೆಸರಿನಲ್ಲಿ ಸಂಸ್ಕೃತದ ನಂಟು ಹುಡುಕುವುದಾದರೆ ಮೊದಲ ಪದದಲ್ಲಿ ಹುಡುಕಿ. ಗ್ರೀಕರು ‘ಒರೂಜ’ವನ್ನು ಪೂರ್ವದಿಂದ ಪಡೆದರು; ಅದು ‘ವ್ರೀಹಿ’ಯ ಬಳಗದ್ದು ಎಂಬುದು ಪ್ರಬಲವಾದ ಅಭಿಪ್ರಾಯ.

ಪ್ರಶ್ನೆ: ಸೋನಾ ತಳಿಯ ಹೆಸರನ್ನೂ ಲ್ಯಾಟಿನ್ ಮಾಡಿ ಬರೆಯಬೇಕೇ? (ಕಾರಟಗಿ)

ಉತ್ತರ: ಬೇಡ. 1959ರ ಜನವರಿ 1ರಿಂದ ಈಚೆಗೆ ಪ್ರಕಟವಾಗುವ ತಳಿಯ ಹೆಸರು ಲ್ಯಾಟಿನ್ ರೂಪದಲ್ಲಿ ಇರಕೂಡದು ಎಂಬುದೇ ಬೆಳೆತಳಿಗಳ ನಾಮಕರಣದ ನಿಯಮ. ಸಸ್ಯದ ಹೆಸರನ್ನು ಓರೆ ಅಕ್ಷರದಲ್ಲಿ, ತಳಿಯ ಹೆಸರನ್ನು ನೇರ ಅಕ್ಷರದಲ್ಲಿ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ: ಒರೈಜ ಸತೀವ ‘ಗಂಗಾವತಿ ಸೋನಾ’. ತಳಿಯ ಹೆಸರಿಗೆ ಯಾವ ಲಿಂಗದ ಕೊನೆಯನ್ನೂ ಹಚ್ಚಬೇಡಿ, ನಿಮ್ಮ ಊರಿನವರು ಹೇಳಿದಂತೆಯೇ ಬರೆಯಿರಿ.